18 ದಿನ ವಿಯೆನ್ನಾ, ಆಮೇಲೆ ಗೋವಾ ರೇಸು: ಟ್ರೇನಿಂಗ್ ಏನ್ ಮಾಡ್ಬೇಕು?

ಪ್ರಶ್ನೆ: ಮೇಡಂ ನಮಸ್ಕಾರ. ನಂಗೆ 42 ವರ್ಷ, ದಾವಣಗೆರೆಯಲ್ಲಿ ಅಂಗಡಿ ಇದೆ. ಈಜು ಕಲ್ತಿದ್ದು ಮೂರು ವರ್ಷದ ಹಿಂದೆ, ಈ ಸಲ ಗೋವಾದ ಐರನ್‌ಮ್ಯಾನ್ 70.3 ರೇಸಿಗೆ (1.9 ಕಿಲೋಮೀಟರ್ ಈಜು, 90 ಸೈಕಲ್ಲು, 21.1 ಓಟ, ಒಂದರ ಹಿಂದೆ ಒಂದು) ಹೆಸರು ಕೊಟ್ಟಿದೀನಿ. ಜುಲೈನಲ್ಲಿ ಹೆಂಡತಿ ಮಗಳ ಜೊತೆ ವಿಯೆನ್ನಾದಲ್ಲಿರೋ ತಂಗಿ ಮನೆಗೆ 18 ದಿನಕ್ಕೆ ಹೋಗ್ತಿದೀವಿ. ನಮ್ಮೂರ 25 ಮೀಟರ್ ಪೂಲ್‌ನಲ್ಲಿ 1900 ಮೀಟರ್‌ಗೆ 58 ನಿಮಿಷ ಆಗುತ್ತೆ, ಪೂಲ್ ಬಿಟ್ಟು ಹೊರಗೆ ಒಂದ್ಸಲಾನೂ ಈಜಿಲ್ಲ. ಸೈಕಲ್ ತಗೊಂಡು ಹೋಗ್ಲಾ? ವೆಟ್‌ಸೂಟ್, ಅದೇ ಮೈ ಬೆಚ್ಚಗಿಡೋ ರಬ್ಬರಿನ ಈಜು ಬಟ್ಟೆ, ಬೇಕಾ? ಅಲ್ಲಿ ಎಲ್ಲಿ ಓಡೋದು? 18 ದಿನ ಗ್ಯಾಪ್ ಆದ್ರೆ ಮಾಡಿದ್ದೆಲ್ಲಾ ನೀರಲ್ಲಿ ಹೋಮ ಆಗುತ್ತೇನೋ ಅಂತ ಭಯ.

ಉತ್ತರ:

ಮೊದಲು ಆ ಕೊನೇ ಭಯ ಬಿಟ್ಬಿಡಿ. ವಾರಕ್ಕೆ ಎಂಟು ಒಂಬತ್ತು ಗಂಟೆ ಮಾಡೋರು ಎರಡು ಎರಡೂವರೆ ವಾರ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾಡಿದ್ರೂ, ನಡುವೆ ಒಂದೆರಡು ಸಲ ಜೋರಾಗಿ ಮಾಡಿದ್ರೆ, ಗಳಿಸಿದ್ದು ಏನೂ ಹೋಗಲ್ಲ. ನನ್ನ ಹತ್ರ ಕಲಿಯೋರು ಟ್ರಿಪ್‌ಗೆ ಹೋದಾಗ ಕೆಡಿಸ್ಕೊಳ್ಳೋದು ಕಡಿಮೆ ಮಾಡಿ ಅಲ್ಲ, ಊರಿನ ಟೈಂಟೇಬಲ್‌ನ ಹಂಗೇ ಸೂಟ್‌ಕೇಸಲ್ಲಿ ತುಂಬ್ಕೊಂಡು ಹೋಗೋದ್ರಿಂದ. ಮಂಗಳವಾರ ಇಂಟರ್ವಲ್ (ಸ್ವಲ್ಪ ಜೋರು, ಸ್ವಲ್ಪ ನಿಧಾನ ಅಂತ ಓಡೋದು), ಗುರುವಾರ ಪೂಲು, ಭಾನುವಾರ 80 ಕಿಲೋಮೀಟರ್ ಸೈಕಲ್ಲು ಅಂತ ಹಟ ಹಿಡಿದು ಅಲ್ಲೂ ಅದನ್ನೇ ಮಾಡಕ್ಕೆ ಹೋಗ್ತಾರೆ, ಮನೆಯವರ ಮುಖ ಸಣ್ಣ ಆಗುತ್ತೆ, ಇವರ ನಿದ್ದೆನೂ ಹಾಳು. ಆ ಊರಲ್ಲಿ ಏನಿದೆ, ನಮ್ಮೂರಲ್ಲಿ ಏನಿಲ್ಲ, ಅದನ್ನ ಮಾತ್ರ ತಗೊಂಡು ಬನ್ನಿ. ನಾನು ಮನೆಯವರ ಕೆಲಸದ ಮೇಲೆ ಮೂರು ವರ್ಷ ವಿಯೆನ್ನಾದಲ್ಲಿದ್ದೆ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ, ನಿಮಗೆ ಆ ಊರಲ್ಲಿ ಸಿಗೋದು ನೀರು. ಓಟ ಸೈಕಲ್ಲು ಎರಡನೇದು.

ಯಾಕೆ ಅಂದ್ರೆ ನಿಮ್ಮ ಲೆಕ್ಕ ನೋಡಿ. 25 ಮೀಟರ್ ಪೂಲ್‌ನಲ್ಲಿ 1900 ಅಂದ್ರೆ 76 ಸಲ ಆಚೆ ಈಚೆ, ಅದರಲ್ಲಿ 75 ಸಲ ಗೋಡೆ ಒದ್ದು ಪುಕ್ಕಟೆ ಒಂದಷ್ಟು ಮೀಟರ್ ಮುಂದೆ ಹೋಗಿದೀರ, ಪ್ರತಿ ಸಲ ಅರ್ಧ ಸೆಕೆಂಡ್ ಉಸಿರೂ ತಗೊಂಡಿದೀರ. ಗೋವಾದಲ್ಲಿ ಮೀರಾಮಾರ್ ಬೀಚಲ್ಲಿ ಗೋಡೆ ಇಲ್ಲ, ಕೆಳಗೆ ಕರೀ ಗೆರೆ ಇಲ್ಲ. ಸ್ವಲ್ಪ ಸೊಟ್ಟ ಹೋದ್ರೂ 1900 ಹೋಗಿ 2100 ಆಗುತ್ತೆ, ನಿಮ್ಮ ಸ್ಪೀಡಿಗೆ ಅದೇ ಆರು ನಿಮಿಷ. 58 ಇದ್ದದ್ದು 64, ಅಲೆ, ಗಾಬರಿ, ಪಕ್ಕದವರ ಕಾಲು ಮುಖಕ್ಕೆ ತಗಲೋದು ಎಲ್ಲಾ ಸೇರಿದ್ರೆ 68. ಕಟ್ ಆಫ್ 70 ನಿಮಿಷ, ಅಷ್ಟರೊಳಗೆ ಈಜು ಮುಗಿಸದಿದ್ರೆ ರೇಸಿಂದ ಹೊರಗೆ. ಅಂದ್ರೆ ನಿಮಗೆ ರೇಸ್ ಕೈತಪ್ಪೋದಾದ್ರೆ ಸೈಕಲ್ಲಲ್ಲೂ ಅಲ್ಲ ಓಟದಲ್ಲೂ ಅಲ್ಲ, ಮೊದಲನೇ ಗಂಟೇಲೇ. ದಾವಣಗೆರೆಯಲ್ಲಿ ಕೂತು ಇದನ್ನ ಸರಿ ಮಾಡಕ್ಕಾಗಲ್ಲ, ವಿಯೆನ್ನಾದಲ್ಲಿ ಆಗುತ್ತೆ.

ಅಲ್ಲಿ ಡನ್ಯೂಬ್ ನದಿ ಅಂತ ನಾವೆಲ್ಲಾ ಒಂದೇ ಹೆಸರು ಹೇಳ್ತೀವಿ, ಆದ್ರೆ ಊರೊಳಗೆ ನೀರು ಮೂರು ಥರ ಇದೆ, ಇದು ಗೊತ್ತಿಲ್ದೆ ಇಳಿಯೋದು ಅಪಾಯ. ಹಡಗು ಓಡಾಡೋ ಮುಖ್ಯ ನದಿಗೆ ಇಳೀಲೇಬೇಡಿ, ಸೆಳೆತ ಜೋರು. ಅದರ ಪಕ್ಕಕ್ಕೇ ನೊಯೆ ಡೊನಾವ್ ಅಂತ, ಹೊಸ ಡನ್ಯೂಬ್, ಪ್ರವಾಹ ಬಂದಾಗ ನೀರು ಬಿಡೋಕೆ ಅಂತ ತೋಡಿದ ಕಾಲುವೆ. 1972ರಲ್ಲಿ ಶುರು ಮಾಡಿ 1988ಕ್ಕೆ ಮುಗಿಸಿದ್ರು, ತೋಡಿದ ಮಣ್ಣನ್ನೇ ಮಧ್ಯಕ್ಕೆ ಸುರಿದು ದ್ವೀಪ ಮಾಡಿದ್ರು, ಅದೇ ಡೊನಾವ್‌ಇನ್ಸೆಲ್. ಮಾಮೂಲಿ ದಿನದಲ್ಲಿ ಗೇಟು ಮುಚ್ಚಿರ್ತಾರೆ, ನೀರು ಕೆರೆ ಥರ ನಿಂತಿರುತ್ತೆ, ಈಜಕ್ಕೆ ದುಡ್ಡೂ ಕೊಡ್ಬೇಕಿಲ್ಲ. ದೊಡ್ಡ ಮಳೆ ಆಗಿ ಗೇಟು ತೆಗೆದ್ರೆ ಮಾತ್ರ ಈಜು ಬಂದ್, ಆಗ ಬೋರ್ಡ್ ನೋಡಿ ಸುಮ್ನೆ ವಾಪಸ್ ಬನ್ನಿ. ಮೂರನೇದು ಆಲ್ಟೆ ಡೊನಾವ್, ಹಳೇ ಡನ್ಯೂಬ್. 1870ರಿಂದ 75ರ ತನಕ ನದಿನ ನೇರ ಮಾಡಿದಾಗ ಹಳೇ ಪಾತ್ರ ಬೇರೆಯಾಗಿ ಉಳ್ಕೊಂಡಿದ್ದು, ಈಗ ಅದು ಬಿಲ್ಲಿನ ಥರ ಬಾಗಿರೋ ಕೆರೆ. ಮೆಟ್ರೋ ಯು1 ಲೈನಲ್ಲಿ ಆಲ್ಟೆ ಡೊನಾವ್ ಅಂತಲೇ ಸ್ಟೇಷನ್ ಇದೆ, ಇಳಿದು ಐದು ನಿಮಿಷ ನಡೆದ್ರೆ ನೀರು.

ಶುರು ಮಾಡೋದು ಇಲ್ಲೇ ಮಾಡಿ. ಜುಲೈನಲ್ಲಿ ಸಾಮಾನ್ಯವಾಗಿ 22ರಿಂದ 25 ಡಿಗ್ರಿ ಇರುತ್ತೆ, ಮೊದಲನೇ ಎರಡು ನಿಮಿಷ ಮೈ ಜುಂ ಅನ್ನುತ್ತೆ ಅಷ್ಟೇ, ವೆಟ್‌ಸೂಟ್ ಬೇಡ. ಗೋವಾ ಸಮುದ್ರ ಇನ್ನೂ ಬೆಚ್ಚಗಿರುತ್ತೆ, ಅಲ್ಲೂ ಅದನ್ನ ಹಾಕೋ ಪ್ರಶ್ನೆ ಬರಲ್ಲ, ಆ ದುಡ್ಡಲ್ಲಿ ಸೊಂಟಕ್ಕೆ ಕಟ್ಟೋ ಕಿತ್ತಳೆ ಬಣ್ಣದ ಸ್ವಿಮ್ ಬೋಯ್, ಅಂದ್ರೆ ಗಾಳಿ ತುಂಬಿದ ತೇಲೋ ಚೀಲ, ಒಂದು ತಗೊಳ್ಳಿ. ಆಲ್ಟೆ ಡೊನಾವ್‌ನಲ್ಲಿ ಬ್ಯಾಟರಿ ಬೋಟು, ಹಾಯಿ ದೋಣಿ ಓಡಾಡ್ತಿರ್ತವೆ, ನೀರಲ್ಲಿ ಬರೀ ತಲೆ ಇದ್ರೆ ದೂರದಿಂದ ಕಾಣಲ್ಲ, ಬೋಯ್ ಕಾಣುತ್ತೆ. ಸುಸ್ತಾದ್ರೆ ಅದನ್ನ ತಬ್ಕೊಂಡು ತೇಲ್ಬಹುದು, ಮೊದಲನೇ ಸಲ ಹೊರಗೆ ಈಜೋರಿಗೆ ಆ ಧೈರ್ಯವೇ ಅರ್ಧ ಈಜು.

ನಾನು ಅಲ್ಲಿ ಮೊದಲನೇ ದಿನ ಇಳಿದಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಆರೂವರೆ, ಮರದ ಮೆಟ್ಟಿಲು, ನೀರು ಹಸಿರು ಗಾಜಿನ ಥರ. ದಡದಿಂದ 30 ಮೀಟರ್ ಹೋಗಿದ್ದೆ ಅಷ್ಟೇ, ಏನೋ ಮುಂಗೈಗೆ ಸುತ್ಕೊಂಡ ಹಾಗಾಯ್ತು, ಆಮೇಲೆ ಹೊಟ್ಟೆಗೆ ತಗುಲ್ತು. ಉಸಿರು ಸಿಕ್ಕಾಕೊಂಡು ಬಿಡ್ತು, ಹತ್ತು ವರ್ಷ ಪೂಲ್‌ನಲ್ಲಿ ಈಜಿದ ನಂಗೆ ಕೈಕಾಲು ಆಡಿಸೋದೇ ಮರೆತು ಹೋಯ್ತು. ಜೊಂಡು ಅದು, ನೀರೊಳಗೆ ಬೆಳೆಯೋ ಹುಲ್ಲು. ಅಲ್ಲಿ ಕಾರ್ಪೊರೇಷನ್‌ನವರು ಬೇಸಿಗೆ ಪೂರ್ತಿ ಬೋಟಲ್ಲಿ ಬಂದು ಅದನ್ನ ಕತ್ತರಿಸ್ತಾನೇ ಇರ್ತಾರೆ, ಆದ್ರೂ ದಡದ ಹತ್ರ ಇದ್ದೇ ಇರುತ್ತೆ. ನೀರು ಶುದ್ಧವಾಗಿರೋದೇ ಆ ಹುಲ್ಲಿಂದ, ಅದು ಯಾರನ್ನೂ ಹಿಡ್ಕೊಳ್ಳಲ್ಲ. ಸಿಕ್ರೆ ಒದೀಬೇಡಿ, ಒದ್ದಷ್ಟೂ ಸುತ್ಕೊಳ್ಳುತ್ತೆ, ಕಾಲು ಸುಮ್ನೆ ಮೇಲಕ್ಕೆ ತೇಲಿಸಿ ಕೈಯಿಂದ ಮಾತ್ರ ಎಳ್ಕೊಂಡು ಹೋಗಿ, ಎರಡು ಮೂರು ಸ್ಟ್ರೋಕಲ್ಲಿ ದಾಟಿರ್ತೀರ. ಆ ದಿನ ನಾನು ಬೋರಲು ಬಿಟ್ಟು ಅಂಗಾತ ತಿರುಗಿ ಆಕಾಶ ನೋಡ್ತಾ ಇಪ್ಪತ್ತು ಉಸಿರು ಎಣಿಸ್ದೆ, ಆಮೇಲೇ ಸರಿಹೋಗಿದ್ದು. ನೀವೂ ಇದನ್ನೇ ಮಾಡಿ, ಇನ್ನೂ ಗಾಬರಿ ಆಗದೇ ಇದ್ದಾಗ್ಲೇ, ಮೊದಲನೇ ದಿನಾನೇ, ಬೇಕು ಅಂತಲೇ ಮಧ್ಯ ನಿಂತು ಅಂಗಾತ ತಿರುಗಿ ಪ್ರಾಕ್ಟೀಸ್ ಮಾಡಿ. ಗೋವಾದಲ್ಲಿ ಮುಖಕ್ಕೆ ಅಲೆ ಹೊಡೆದಾಗ ದೇಹಕ್ಕೆ ಅದು ನೆನಪಿರುತ್ತೆ.

ಎರಡನೇ ಪಾಠ ನೇರ ಹೋಗೋದು. ಆಲ್ಟೆ ಡೊನಾವ್‌ನಿಂದ ತಲೆ ಎತ್ತಿದ್ರೆ ಡೊನಾವ್‌ಟುರ್ಮ್ ಕಾಣುತ್ತೆ, 252 ಮೀಟರ್ ಎತ್ತರದ ಕಂಬದಂಥ ಗೋಪುರ, 1964ರದ್ದು. ಅದನ್ನ ಗುರಿ ಇಟ್ಕೊಳ್ಳಿ. ಆರು ಎಂಟು ಸ್ಟ್ರೋಕಿಗೊಂದ್ಸಲ ಕಣ್ಣು ಮಾತ್ರ ನೀರಿಂದ ಮೇಲೆ, ಮೊಸಳೆ ಥರ, ನೋಡಿ, ತಕ್ಷಣ ಮುಖ ಪಕ್ಕಕ್ಕೆ ತಿರುಗಿಸಿ ಉಸಿರು. ತಲೆ ಪೂರ್ತಿ ಎತ್ತಿದ್ರೆ ಸೊಂಟ ಮುಳುಗುತ್ತೆ, ಬ್ರೇಕ್ ಹಾಕಿದ ಹಾಗೆ. ಹೆಚ್ಚಿನವರು ಒಂದು ಕಡೆಗೆ ಎಳೀತಾರೆ, ನೀವು ಯಾವ ಕಡೆ ಅಂತ ಎರಡನೇ ದಿನಕ್ಕೇ ಗೊತ್ತಾಗುತ್ತೆ, ಅದು ಗೊತ್ತಾಗೋದೇ ಈ ಟ್ರಿಪ್ಪಿನ ದೊಡ್ಡ ಲಾಭ.

ಒಬ್ರೇ ಇಳೀಬೇಡಿ. ತಂಗಿ ಗಂಡನೋ ಮಗಳೋ ದಡದಲ್ಲಿ ನಿಮ್ಮ ಜೊತೆಗೇ ನಡೀಲಿ, ನೀವು ದಡಕ್ಕೆ ಸಮಾನಾಂತರವಾಗಿ, ಹತ್ತು ಹದಿನೈದು ಮೀಟರ್ ಒಳಗೆ ಮಾತ್ರ ಈಜಿ. ಮೂರು ನಾಲ್ಕು ಸಲ ಇಲ್ಲಿ ಆದ್ಮೇಲೆ ನೊಯೆ ಡೊನಾವ್‌ಗೆ ಹೋಗಿ, ಅಲ್ಲಿ ಕಿಲೋಮೀಟರ್‌ಗಟ್ಟಲೆ ನೇರ ನೀರು. ದಡದ ಕಲ್ಲು ಪಾಚಿಗೆ ಜಾರುತ್ತೆ, ರಬ್ಬರ್ ಚಪ್ಪಲಿ ಇರ್ಲಿ. ಇನ್ನೊಂದು ವಿಷಯ, ಫ್ಯಾಮಿಲಿ ಜೊತೆ ಹೋಗ್ತಿದೀರ ಅಂತ ಮೊದಲೇ ಹೇಳ್ತೀನಿ, ದ್ವೀಪದ ಎರಡೂ ತುದಿ ಕಡೆ ಎಫ್‌ಕೆಕೆ ಅಂತ ಬೋರ್ಡ್ ಇರೋ ಜಾಗ ಇದೆ, ಅಲ್ಲಿ ಜನ ಬಟ್ಟೆ ಇಲ್ದೆ ಮಲಗಿರ್ತಾರೆ. ಅಲ್ಲಿ ಅದು ಮಾಮೂಲಿ, ಕಾನೂನೂ ಒಪ್ಪುತ್ತೆ. ಬೋರ್ಡ್ ನೋಡಿದ್ರೆ ಮುಂದೆ ಹೋಗ್ತಾ ಇರಿ, ಫೋನ್ ಮಾತ್ರ ಹೊರಗೆ ತೆಗೀಬೇಡಿ.

ಪೂಲ್ ಬೇಕು ಅನ್ಸಿದ್ರೆ ಪ್ರಾಟರ್ ಅನ್ನೋ ದೊಡ್ಡ ಪಾರ್ಕಲ್ಲಿ ಸ್ಟಾಡಿಯೋನ್‌ಬಾಡ್ ಇದೆ, 50 ಮೀಟರ್, ಬೇಸಿಗೆಯಲ್ಲಿ ತೆರೆದಿರುತ್ತೆ, ಯು2 ಲೈನಲ್ಲಿ ಸ್ಟಾಡಿಯೋನ್ ಸ್ಟೇಷನ್. ಲೇನಲ್ಲಿ ಬಲಗಡೆಯಿಂದಲೇ ಹೋಗಿ ಇನ್ನೊಂದು ಬದಿಯಿಂದ ವಾಪಸ್ ಬರಬೇಕು, ರಸ್ತೆ ನಿಯಮವೇ ನೀರಿಗೂ. ನಮ್ಮವರು ಅಭ್ಯಾಸಬಲದಲ್ಲಿ ಎಡಕ್ಕೆ ಹೋಗಿ ಎದುರಿನವರ ತಲೆಗೆ ತಲೆ ಹೊಡ್ಕೊಂಡಿದ್ದು ನೋಡಿದೀನಿ.

ಓಟಕ್ಕೆ ಜಾಸ್ತಿ ಯೋಚನೆನೇ ಬೇಡ. ಅದೇ ಪ್ರಾಟರ್‌ನಲ್ಲಿ ಹೌಪ್ಟ್‌ಅಲೇ ಅಂತ ಒಂದು ದಾರಿ, ಪ್ರಾಟರ್‌ಸ್ಟರ್ನ್‌ನಿಂದ ಲುಸ್ಟ್‌ಹೌಸ್ ತನಕ ಸುಮಾರು 4.4 ಕಿಲೋಮೀಟರ್, ಕಾರಿಲ್ಲ, ಏರಿಲ್ಲ, ಎರಡೂ ಕಡೆ ಚೆಸ್ಟ್‌ನಟ್ ಮರದ ನೆರಳು. 2019ರ ಅಕ್ಟೋಬರ್ 12ನೇ ತಾರೀಕು ಕೀನ್ಯಾದ ಓಟಗಾರ ಎಲಿಯೂಡ್ ಕಿಪ್ಚೋಗೆ 1 ಗಂಟೆ 59 ನಿಮಿಷ 40 ಸೆಕೆಂಡಲ್ಲಿ ಮ್ಯಾರಥಾನ್ ದೂರ ಓಡಿದ್ದು ಇದೇ ದಾರೀಲಿ. ಜೊತೆಗೆ ಓಡಿ ಸ್ಪೀಡ್ ಹಿಡಿಸೋರು ಸರದಿ ಮೇಲೆ ಬದಲಾಗ್ತಿದ್ರು ಅಂತ ಅದು ಅಧಿಕೃತ ದಾಖಲೆ ಅಲ್ಲ, ಆದ್ರೆ ಎರಡು ಗಂಟೆ ಒಳಗೆ ಮನುಷ್ಯ ಓಡಬಲ್ಲ ಅಂತ ತೋರಿಸಿದ ರಸ್ತೆ ಅದು. ಅಷ್ಟೆಲ್ಲಾ ಊರು ಬಿಟ್ಟು ಇದನ್ನೇ ಯಾಕೆ ಆರಿಸಿದ್ರು ಅಂತ ನೀವು ಒಂದ್ಸಲ ಆ ತುದಿಯಿಂದ ಈ ತುದಿಗೆ ಓಡಿದ್ರೆ ಕಾಲಿಗೇ ಅರ್ಥ ಆಗುತ್ತೆ. ಲುಸ್ಟ್‌ಹೌಸ್ ತನಕ ಮಾತಾಡ್ಕೊಂಡು ಓಡೋ ಸ್ಪೀಡಲ್ಲಿ ಹೋಗಿ, ವಾಪಸ್ ಬರ್ತಾ ರೇಸ್ ಸ್ಪೀಡು, ಒಟ್ಟು ಒಂಬತ್ತು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ವಾರಕ್ಕೊಂದು ಸಲ ಇದು ಸಾಕು. ಟಾರಿನ ಮೇಲೆ ಸೈಕಲ್‌ನವರೂ ಬರ್ತಿರ್ತಾರೆ, ಬಲಗಡೆ ಇರಿ.

ಟೈಮ್ ನಿಮ್ಮ ಪರವಾಗಿದೆ. ಅಲ್ಲಿ ಬೇಸಿಗೆಯಲ್ಲಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಂದ್ರೆ ಊರಲ್ಲಿ ಆರಕ್ಕೆ ಏಳೋರಿಗೆ ಅಲ್ಲಿ ಎರಡೂವರೆಗೇ ಎಚ್ಚರ. ಮೊದಲ ಮೂರು ದಿನ ಹಂಗೇ ಆಗುತ್ತೆ, ಸುಮ್ನೆ ಹೊರಳಾಡ್ತಾ ಇದ್ದು ಐದಕ್ಕೆ ಎದ್ದು ಹೊರಗೆ ಬನ್ನಿ, ಜುಲೈನಲ್ಲಿ ಐದು ಗಂಟೆಗೆಲ್ಲಾ ಬೆಳಕು ಬಂದಿರುತ್ತೆ. ಮನೆಯವರು ಏಳೋಷ್ಟರಲ್ಲಿ ನಿಮ್ಮದು ಮುಗಿದು ಸ್ನಾನ ಆಗಿರುತ್ತೆ, ಅವರ ಜೊತೆ ಅರಮನೆ ನೋಡಕ್ಕೆ ನೀವೂ ರೆಡಿ. ಮಧ್ಯಾಹ್ನ ಊರು ಸುತ್ತಿ ಸುತ್ತಿ ಹದಿನೈದು ಸಾವಿರ ಹೆಜ್ಜೆ ಆಗಿರುತ್ತೆ ಅನ್ನೋದು ಮರೀಬೇಡಿ, ಅದೂ ಕಾಲಿಗೆ ಕೆಲಸವೇ, ಆ ದಿನ ಸಂಜೆ ಇನ್ನೊಂದು ಓಟ ಬೇಡ. ಮೊದಲ ಮೂರು ದಿನ ಏನೂ ಜೋರು ಬೇಡ, ವಿಮಾನದಲ್ಲಿ ಕೂತ ಕಾಲು ಊದಿರುತ್ತೆ.

ನೀರಿನ ಬಾಟ್ಲಿ ದುಡ್ಡು ಕೊಟ್ಟು ತಗೋಬೇಡಿ. ವಿಯೆನ್ನಾದ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಊಟೆಯಿಂದ ಬರೋದು, ಮೊದಲನೇ ಪೈಪ್‌ಲೈನ್ 1873ರದ್ದು, ಎರಡನೇದು 1910ರದ್ದು, ಈಗ್ಲೂ ಅದೇ ಕುಡೀತಾರೆ. ರಸ್ತೆ ಪಕ್ಕ, ಪಾರ್ಕಲ್ಲಿ ಕುಡಿಯೋ ನೀರಿನ ನಲ್ಲಿ ಸಿಗ್ತವೆ. ಬಾಳೆಹಣ್ಣು ಬ್ರೆಡ್ ಮಾತ್ರ ಶನಿವಾರವೇ ತಂದಿಟ್ಕೊಳ್ಳಿ, ಭಾನುವಾರ ದೊಡ್ಡ ರೈಲ್ವೆ ಸ್ಟೇಷನ್‌ನಲ್ಲಿರೋ ಅಂಗಡಿ ಬಿಟ್ರೆ ಹೆಚ್ಚು ಕಡಿಮೆ ಎಲ್ಲಾ ಬಂದ್.

ಸೈಕಲ್ಲು. ಒಯ್ಯಬೇಡಿ. ಬಿಚ್ಚೋದು, ಡಬ್ಬ, ವಿಮಾನದ ಚಾರ್ಜು, ಅಲ್ಲಿ ಟ್ಯಾಕ್ಸಿಗೆ ಹಿಡಿಸದೆ ಒದ್ದಾಡೋದು, 18 ದಿನದಲ್ಲಿ ನೀವು ನಾಲ್ಕು ಸಲ ಓಡಿಸೋಕೆ ಅಷ್ಟು ಬೇಡ. ರೋಡ್ ಬೈಕ್ ಬಾಡಿಗೆಗೆ ಸಿಗುತ್ತೆ. ನಿಮ್ಮ ಪೆಡಲ್, ಶೂ, ಹೆಲ್ಮೆಟ್ ಮಾತ್ರ ತಗೊಂಡು ಹೋಗಿ, ಸೀಟೂ ಬಿಚ್ಕೊಂಡು ಹೋದ್ರೆ ಇನ್ನೂ ಒಳ್ಳೇದು. ಹೋಗೋ ಮುಂಚೆ ಟೇಪ್ ಹಿಡಿದು ಪೆಡಲ್ ತಿರುಗೋ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು, ಸೀಟಿನ ಮೂತಿಯಿಂದ ಹ್ಯಾಂಡಲ್‌ಗೆ ಎಷ್ಟು ಅಂತ ಅಳೆದು ಫೋನಲ್ಲಿ ಬರ್ಕೊಳ್ಳಿ, ಬಾಡಿಗೆ ಅಂಗಡೀಲಿ ಆ ಎರಡು ನಂಬರ್ ಕೊಟ್ರೆ ಹತ್ತು ನಿಮಿಷದಲ್ಲಿ ನಿಮ್ಮ ಸೈಕಲ್ ಥರಾನೇ ಕೂರಿಸಿ ಕೊಡ್ತಾರೆ.

ಈ ಒಂದು ಮಾತು ಮಾತ್ರ ದಪ್ಪ ಅಕ್ಷರದಲ್ಲಿ ಬರ್ದಿಟ್ಕೊಳ್ಳಿ: ಅಲ್ಲಿ ಮುಂದಿನ ಬ್ರೇಕ್ ಎಡಗೈಯಲ್ಲಿರುತ್ತೆ. ನಮ್ಮಲ್ಲಿ ಹೆಚ್ಚಿನ ಸೈಕಲ್‌ಗಳಲ್ಲಿ ಅದು ಬಲಗೈಯಲ್ಲಿ. ನಾಯಿನೋ ಮಗುನೋ ಅಡ್ಡ ಬಂದಾಗ ಹಿಂದಿನ ಬ್ರೇಕ್ ಅಂದ್ಕೊಂಡು ಎಡಗೈ ಬಿಗಿಯಾಗಿ ಹಿಡಿದ್ರೆ ಹ್ಯಾಂಡಲ್ ಮೇಲಿಂದ ಹಾರ್ತೀರ. ಸೈಕಲ್ ಕೈಗೆ ಬಂದ ತಕ್ಷಣ ಖಾಲಿ ಜಾಗದಲ್ಲಿ ಕಾಲು ಗಂಟೆ ಬರೀ ಬ್ರೇಕ್ ಹಿಡಿಯೋದು ಬಿಡೋದು ಮಾಡಿ, ಇಲ್ಲಾಂದ್ರೆ ಅಂಗಡಿಯವರಿಗೆ ಹೇಳಿ ಅದಲು ಬದಲು ಮಾಡಿಸ್ಕೊಳ್ಳಿ. ಎರಡನೇದು ಟ್ರಾಮ್ ಕಂಬಿ. ಕಂಬಿಯ ಸಂದಿಗೆ ರೋಡ್ ಬೈಕಿನ ಚಕ್ರ ಸರಿಯಾಗಿ ಕೂರುತ್ತೆ, ಕೂತ್ರೆ ಬೀಳೋದೇ. ಆದಷ್ಟು ಅಡ್ಡಡ್ಡ ದಾಟಿ, ಮಳೆ ಬಂದಿದ್ರೆ ಇಳಿದು ತಳ್ಕೊಂಡು ಹೋಗಿ. ಊರೊಳಗೆ ಟ್ರೇನಿಂಗ್ ಬೇಡವೇ ಬೇಡ.

ಎಲ್ಲಿ ಓಡಿಸೋದು ಅಂದ್ರೆ ದ್ವೀಪವೇ. ಡೊನಾವ್‌ಇನ್ಸೆಲ್ ಉದ್ದ 21.1 ಕಿಲೋಮೀಟರ್, ನಿಮ್ಮ ರೇಸಿನ ಓಟದಷ್ಟೇ ಉದ್ದ, ಕಾರಿಲ್ಲದ ಸಪಾಟು ದಾರಿ. ಬೆಳಿಗ್ಗೆ ಆರಕ್ಕೆ ಹೋದ್ರೆ ಮೀನು ಹಿಡಿಯೋರು ಬಿಟ್ರೆ ಯಾರೂ ಇರಲ್ಲ, ಹತ್ತರ ಮೇಲೆ ಮಕ್ಕಳು ಮರಿ ನಾಯಿ, ಆಗ ಸ್ಪೀಡ್ ಹೊಡೆಯೋದು ತಪ್ಪು. ದಡದಲ್ಲಿ ನದಿಯ ಕಿಲೋಮೀಟರ್ ಬೋರ್ಡ್ ಕಾಣುತ್ತೆ, ರೈಕ್ಸ್‌ಬ್ರೂಕೆ ಸೇತುವೆ ಹತ್ರ 1929ರ ಆಸುಪಾಸು. ಅಲ್ಲಿಂದ ಕಪ್ಪು ಸಮುದ್ರಕ್ಕೆ ಅಷ್ಟು ದೂರ ಅಂತ, ಸಮುದ್ರದಿಂದ ಮೇಲಕ್ಕೆ ಎಣಿಸಿರೋದು. ನಾನು ಆ ಬೋರ್ಡ್ ನೋಡ್ಕೊಂಡೇ ಒಂದು ಕಿಲೋಮೀಟರ್ ಜೋರು, ಒಂದು ನಿಧಾನ ಅಂತ ಮಾಡ್ತಿದ್ದೆ, ವಾಚ್ ನೋಡೋ ಗೋಜೇ ಇರ್ಲಿಲ್ಲ.

ಒಂದೇ ಒಂದು ದಿನ ಲಾಂಗ್ ರೈಡ್ ಇಟ್ಕೊಳ್ಳಿ. ನದಿಯ ಬಲದಂಡೆಯಲ್ಲಿ ಕ್ಲೋಸ್ಟರ್‌ನೊಯ್‌ಬುರ್ಗ್ ದಾಟಿ ಗ್ರೈಫೆನ್‌ಸ್ಟೈನ್ ತನಕ ಹೋಗಿ, ಅಲ್ಲಿ ಕರೆಂಟ್ ತಯಾರಿಸೋ ಅಣೆಕಟ್ಟಿನ ಮೇಲೆ ಸೈಕಲ್ಲಲ್ಲೇ ಆಚೆ ದಡಕ್ಕೆ ದಾಟ್ಬಹುದು, ಕೊರ್ನೊಯ್‌ಬುರ್ಗ್ ಮೇಲಿಂದ ದ್ವೀಪಕ್ಕೆ ವಾಪಸ್, ಸುಮಾರು 50 ಕಿಲೋಮೀಟರ್. ಇನ್ನೂ ಶಕ್ತಿ ಇದ್ರೆ ಅಣೆಕಟ್ಟು ದಾಟದೆ ಟುಲ್ನ್ ಊರಿನ ತನಕ ಹೋಗಿ ಬನ್ನಿ. ಇದು ಯೂರೋವೆಲೋ 6 ಅನ್ನೋ ದಾರಿ, ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದ ತನಕ ಹೋಗುತ್ತೆ, ಬೋರ್ಡ್ ಹಿಡ್ಕೊಂಡು ಹೋದ್ರೆ ದಾರಿ ತಪ್ಪಲ್ಲ. ವಿಯೆನ್ನಾದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ವಾಯವ್ಯದ ಕಡೆಯಿಂದ ಬೀಸೋದು, ಈ ದಾರೀಲಿ ಹೋಗೋವಾಗ ಎದುರುಗಾಳಿ, ಬರೋವಾಗ ಬೆನ್ನಿಗೆ. ಗೆಳೆಯರು ಸ್ಲೊವಾಕಿಯಾದ ಬ್ರಾಟಿಸ್ಲಾವಾ ಕಡೆ ಹೋಗೋಣ ಅಂತ ಕರೀತಾರೆ, ಬೇರೆ ದೇಶಕ್ಕೆ ಸೈಕಲ್ಲಲ್ಲಿ ಹೋದೆ ಅಂತ ಹೇಳ್ಕೊಳ್ಳೋ ಆಸೆ ಎಲ್ಲರಿಗೂ ಇರುತ್ತೆ, ಆದ್ರೆ ಹೋಗೋವಾಗ ಗಾಳಿ ಬೆನ್ನಿಗಿದ್ದು ಹಾಯಾಗಿರುತ್ತೆ, ವಾಪಸ್ ಬರೋದು ಒಡ್ಡಿನ ಮೇಲಿನ ನೇರ ದಾರಿ, ಎದುರುಗಾಳಿ, ಮರವೂ ಇಲ್ಲ. ಹೋದ್ರೆ ರೈಲಲ್ಲಿ ವಾಪಸ್ ಬನ್ನಿ.

ಬೆಟ್ಟ ಹತ್ತೋದು ಈ ಸಲ ಬಿಟ್ಬಿಡಿ. ಕಾಹ್ಲೆನ್‌ಬರ್ಗ್ 484 ಮೀಟರ್, ನೋಟ ಚೆನ್ನಾಗಿದೆ, ಆದ್ರೆ ಅಲ್ಲಿಗೆ ಹೋಗೋ ಹೋಹೆನ್‌ಸ್ಟ್ರಾಸೆ ರಸ್ತೇಲಿ ಬಹಳ ಕಡೆ ಕಲ್ಲು ಹಾಸಿದೆ, ಇಳಿಯೋವಾಗ ಕೈ ಜೋಮು ಹಿಡಿಯುತ್ತೆ. ಹೆಂಡತಿ ಮಗಳ ಜೊತೆ ಬಸ್ಸಲ್ಲಿ ಹೋಗಿ ಬನ್ನಿ.

ಯಾರೂ ಹೇಳದೇ ಇರೋ ಒಂದು ವಿಷಯ ಉಣ್ಣೆ. ಕುರಿ ಉಣ್ಣೆ ಅಲ್ಲ, ರಕ್ತ ಹೀರೋ ಉಣ್ಣೆ, ನಮ್ಮ ಕಡೆ ಉಣುಗು ಅಂತೀವಲ್ಲ ಅದು. ಆಸ್ಟ್ರಿಯಾದ ಕಾಡು, ಹುಲ್ಲುಗಾವಲು, ನದಿ ಪಕ್ಕದ ಪೊದೆಗಳಲ್ಲಿ ಇರ್ತವೆ, ಅವು ಕಚ್ಚಿದ್ರೆ ಮೆದುಳಿಗೆ ಜ್ವರ ಏರೋ ಒಂದು ವೈರಸ್ ಬರಬಹುದು, ಅಲ್ಲಿನವರು ಅದಕ್ಕೆ ಲಸಿಕೆ ಹಾಕಿಸ್ಕೊಂಡಿರ್ತಾರೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದೆಯಲ್ಲ, ಅದರ ವೈರಸ್ಸೂ ಇದೂ ಹತ್ತಿರದ ನೆಂಟರು, ಹಾಗಾಗಿ ಮಲೆನಾಡಿನವರಿಗೆ ಹೇಳಿದ್ರೆ ತಕ್ಷಣ ಅರ್ಥ ಆಗುತ್ತೆ. ಟಾರು ದಾರಿ ಬಿಟ್ಟು ಹುಲ್ಲಿಗೆ ಇಳೀಬೇಡಿ. ಬಂದ ತಕ್ಷಣ ಮೊಣಕಾಲ ಹಿಂದೆ, ತೊಡೆ ಸಂದಿ, ಕಂಕುಳು, ಮಗಳ ಕೂದಲೊಳಗೆ ನೋಡಿ, ಹೋಗೋ ಮುಂಚೆ ಡಾಕ್ಟರ್ ಹತ್ರ ಲಸಿಕೆ ಬಗ್ಗೆ ಕೇಳಿ. ಏನಾದ್ರೂ ಆದ್ರೆ ಆಂಬ್ಯುಲೆನ್ಸ್ 144, ಇಲ್ಲಾ 112. ವೀಸಾಗೆ ಅಂತ ಮಾಡಿಸೋ ಇನ್ಶೂರೆನ್ಸಲ್ಲಿ ಸೈಕ್ಲಿಂಗ್, ಹೊರಗಿನ ಈಜು ಸೇರಿದೆಯಾ ಅಂತ ಓದಿ ನೋಡಿ ಸಹಿ ಹಾಕಿ.

ಒಟ್ಟಾರೆ ನೋಡಿದ್ರೆ ನಾನು ನಿಮ್ಮ ಜಾಗದಲ್ಲಿದ್ರೆ ಎಂಟು ಈಜು, ಐದು ಓಟ, ನಾಲ್ಕು ಸೈಕಲ್ಲು ಮಾಡ್ತಿದ್ದೆ, ಉಳಿದ ದಿನ ಮನೆಯವರದ್ದು. ನಡುವಿನ ವಾರದಲ್ಲಿ ಒಂದಿನ ಸ್ಟಾಡಿಯೋನ್‌ಬಾಡ್‌ನಲ್ಲಿ 1500 ಈಜಿ ಒದ್ದೆ ಮೈಯಲ್ಲೇ ಶೂ ಹಾಕ್ಕೊಂಡು ಹೌಪ್ಟ್‌ಅಲೇಗೆ ಹೋಗಿ ಐದು ಕಿಲೋಮೀಟರ್ ಓಡಿ, ಎರಡೂ ಅಕ್ಕಪಕ್ಕವೇ ಇವೆ. ಬಿಸಿಲಿನ ವಿಷಯಕ್ಕೆ ಮಾತ್ರ ಮೋಸ ಹೋಗ್ಬೇಡಿ, ಅಲ್ಲಿ ಬೆವರು ಬೇಗ ಆರುತ್ತೆ, ಸ್ಪೀಡ್ ತಾನೇ ಜಾಸ್ತಿ ಆಗುತ್ತೆ, ಆ ಸ್ಪೀಡು ಗೋವಾದ ಸೆಕೆಯಲ್ಲಿ ಬರಲ್ಲ. ಊರಿಗೆ ಬಂದ್ಮೇಲೆ ಸೆಕೆಗೆ ಮೈ ಒಗ್ಗಕ್ಕೆ ಹತ್ತು ಹದಿನೈದು ದಿನ ಕೊಡಿ.

ಹೊರಡೋ ಎರಡು ದಿನ ಮುಂಚೆ ಬೆಳಿಗ್ಗೆ ಆರಕ್ಕೆ ನೊಯೆ ಡೊನಾವ್‌ಗೆ ಹೋಗಿ. ತಂಗಿ ಗಂಡ ದಡದಲ್ಲಿ ಸೈಕಲ್ ತಳ್ಕೊಂಡು ಜೊತೆಗೆ ಬರ್ಲಿ, ಅವರ ಫೋನಲ್ಲಿ 950 ಮೀಟರ್ ಅಳೆದು ಅಲ್ಲಿ ನಿಂತು ಕೈ ಎತ್ತಲಿ, ನೀವು ಅಲ್ಲಿ ತಿರುಗಿ ವಾಪಸ್ ಬನ್ನಿ. ಮಧ್ಯ ಎಲ್ಲೂ ಗಡಿಯಾರ ನೋಡ್ಬೇಡಿ. 64 ನಿಮಿಷದ ಒಳಗೆ ಬಂದ್ರೆ ಗೋವಾದ ಈಜು ನಿಮ್ಮ ಕೈಲಿದೆ. ಅದಕ್ಕಿಂತ ಜಾಸ್ತಿ ಆದ್ರೆ ಎಷ್ಟಾಯ್ತು, ಯಾವ ಕಡೆ ಎಳೀತು, ಎಲ್ಲಿ ಉಸಿರು ಸಿಕ್ಕಾಕೊಳ್ತು ಅಂತ ಬರೆದು ಕಳಿಸಿ, ಆಗಸ್ಟ್‌ನಿಂದ ಪೂಲ್‌ನಲ್ಲಿ ಏನು ಮಾಡ್ಬೇಕು ಅಂತ ಅದನ್ನ ನೋಡಿ ಹೇಳ್ತೀನಿ.